ಟೋಬಿಯಸ್ ಬಿಟ್ಟುಕೊಟ್ಟ ಪುಸ್ತಕ

ಈ ಕತೆ ಹೇಳುವ ಯೋಗ್ಯತೆ ಇರುವವರು ಬೇರೆ ಇದ್ದಾರೆ. ಟೋಬಿಯಸ್ ಎಬಿಯ ಪುಸ್ತಕಗಳನ್ನೆಲ್ಲ ಓದಿದವರು, ಅವನ ತರಗತಿಯಲ್ಲಿ ಕೂತು ಬರೆದುಕೊಂಡವರು, ಅವನ ವಿಚಾರಗಳನ್ನು ಮುಂದಕ್ಕೆ ಒಯ್ದವರು. ಇಲ್ಲಿರುವುದು ಹಿಂದಿನ ಬೆಂಚಿನಿಂದ ಕಂಡಷ್ಟು, ಅಡುಗೆಮನೆಗಳಲ್ಲಿ ಕೇಳಿದಷ್ಟು. ತಪ್ಪಿದ್ದರೆ ತಿಳಿದವರು ತಿದ್ದಬೇಕು; ಹೇಳಹೊರಟದ್ದೇ ತಪ್ಪಾಗಿದ್ದರೆ ಕ್ಷಮಿಸಬೇಕು. ಅಂಥ ಪಂಡಿತನನ್ನು ಏಕವಚನದಲ್ಲಿ ಕರೆಯುವುದಕ್ಕೂ ಕ್ಷಮೆ ಇರಲಿ. ನಮ್ಮ ಹಳ್ಳಿ ಬೀವರ್ ರನ್‌ನ ಸಭೆಯಲ್ಲಿ ಹುಟ್ಟಿದವರನ್ನು ನಾವು ಕರೆಯುವುದೇ ಹಾಗೆ, ಅವರು ಎಷ್ಟು ಪುಸ್ತಕ ಬರೆದಿರಲಿ.

ಮೊದಲು ಆ ಭಾನುವಾರದ ವಿಷಯ ಹೇಳಬೇಕು. ಲ್ಯಾಂಕಾಸ್ಟರ್ ಸೀಮೆಯಲ್ಲಿ ಹೊಗೆಸೊಪ್ಪಿನ ಕಟಾವು ಮುಗಿದ ಹೊತ್ತು. ಬೀವರ್ ರನ್‌ನ ಹಳೆಯ ಬೋಧಕ ತೀರಿಕೊಂಡು ಒಂದು ಬೇಸಗೆ ಕಳೆದಿತ್ತು. ನಮ್ಮ ಮೆನ್ನೊನೈಟ್ ಕ್ರೈಸ್ತ ಪಂಗಡದಲ್ಲಿ ಬೋಧಕನನ್ನು ಸಂಬಳ ಕೊಟ್ಟು ಕರೆಸುವುದಿಲ್ಲ, ಓದಿಸಿ ತಯಾರು ಮಾಡುವುದೂ ಇಲ್ಲ. ಸಭೆಯವರು ಒಬ್ಬೊಬ್ಬರಾಗಿ ಒಳಕೋಣೆಗೆ ಹೋಗಿ ಬಿಷಪ್ಪರ ಕಿವಿಯಲ್ಲಿ ಒಂದು ಹೆಸರು ಹೇಳಿ ಬರುತ್ತಾರೆ. ಹೆಸರು ಬಂದ ಗಂಡಸರೆಲ್ಲ ಮುಂದಿನ ಬೆಂಚಿನಲ್ಲಿ ಕೂರಬೇಕು. ಎದುರಿನ ಮೇಜಿನ ಮೇಲೆ ತಲೆಗೊಂದರಂತೆ ಕೀರ್ತನೆ ಪುಸ್ತಕ, ಪ್ರತಿಯೊಂದಕ್ಕೂ ದಾರ ಕಟ್ಟಿರುತ್ತದೆ. ಒಂದರೊಳಗೆ ಚೀಟಿ. ಅದು ಯಾರ ಕೈಗೆ ಬಂತೋ ಅವನು ಅಂದಿನಿಂದ ಸಾಯುವವರೆಗೆ ಬೋಧಕ. ಹೊಲ, ಹಸು, ಸಾಲ ಯಾವುದೂ ತಪ್ಪುವುದಿಲ್ಲ. ಅದರ ಮೇಲೆ ವಾರವಾರ ಸಭೆಗೆ ಬೋಧಿಸುವ ಪ್ರಸಂಗ, ಊರವರ ಮದುವೆ, ಸಾವು, ಜಗಳ. ಈ ಕೆಲಸ ಬೇಕು ಎಂದು ಆಸೆಪಟ್ಟರೆ ಪಾಪ. ಬೇಡ ಎಂದು ಓಡಿದರೆ ಇನ್ನೂ ದೊಡ್ಡ ಪಾಪ. ಹಾಗಾಗಿ ಆ ಬೆಂಚಿನಲ್ಲಿ ಕೂತವರೆಲ್ಲ ಏನೂ ಅನ್ನಿಸದವರ ಹಾಗೆ ಮುಖ ಮಾಡಿಕೊಂಡಿರುತ್ತಾರೆ.

ಅವತ್ತು ಬೆಂಚಿನ ಕೊನೆಯಲ್ಲಿ ಇಬ್ಬರು ತರುಣರು. ಒಬ್ಬ ಟೋಬಿಯಸ್, ಹಳ್ಳಿ ಶಾಲೆಯ ಮೇಷ್ಟ್ರು. ಮಾತು ಬಲ್ಲವನು, ಅವನು ಸತ್ಯವೇದದ ವಾಕ್ಯ ಓದಿದರೆ ಹಸುಗೂಸುಗಳೂ ಅಳು ನಿಲ್ಲಿಸುತ್ತಿದ್ದವು. ಇನ್ನೊಬ್ಬ ಅವನ ಚಿಕ್ಕಮ್ಮನ ಮಗ ಎನೋಸ್ ಗ್ರಾಫ್, ಕೋಳಿ ಸಾಕುವವನು. ಇಬ್ಬರೂ ಒಂದೇ ತಿಂಗಳಲ್ಲಿ ಹುಟ್ಟಿ ಒಂದೇ ಮಂಚದಲ್ಲಿ ಮಲಗಿ ಬೆಳೆದವರು. ಎನೋಸ್‌ನ ಹೆಸರನ್ನು ಯಾರು ಹೇಳಿದರೋ ಎಂದು ಸಭೆಯಲ್ಲಿ ಹಲವರಿಗೆ ಆಶ್ಚರ್ಯವಾಗಿತ್ತು. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನೇ ಅವನು ತಡವರಿಸಿ ತಡವರಿಸಿ ಮುಗಿಸುವ ಹೊತ್ತಿಗೆ ಸೂಪು ಆರಿರುತ್ತಿತ್ತು.

ಹಿರಿಯರು ಒಬ್ಬೊಬ್ಬರಾಗಿ ಎದ್ದು ಪುಸ್ತಕ ತೆಗೆದುಕೊಂಡರು. ಕೊನೆಗೆ ಉಳಿದದ್ದು ಎರಡು ಪುಸ್ತಕ, ಈ ಇಬ್ಬರು ತರುಣರು. ಇಬ್ಬರೂ ಒಟ್ಟಿಗೇ ಎದ್ದರು. ಟೋಬಿಯಸ್‌ನ ಕೈ ಬಲಗಡೆಯ ಪುಸ್ತಕದ ಮೇಲಕ್ಕೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಬಂತು.

“ನೀನೇ ತಗೋ, ಎನೋಸ್” ಎಂದ, ಮೊದಲ ಮೂರು ಬೆಂಚುಗಳಿಗೆ ಕೇಳಿಸುವಷ್ಟು ಮೆಲ್ಲಗೆ.

ಎನೋಸ್ ಅವನ ಮುಖ ನೋಡಿದ, ಪುಸ್ತಕ ನೋಡಿದ, ಎತ್ತಿಕೊಂಡ. ಬಿಷಪ್ಪರು ಸಾಲಾಗಿ ದಾರ ಬಿಚ್ಚುತ್ತಾ ಬಂದರು. ಚೀಟಿ ಎನೋಸ್‌ನ ಪುಸ್ತಕದಲ್ಲಿತ್ತು. ಹೆಂಗಸರ ಕಡೆಯ ಬೆಂಚಿನಲ್ಲಿ ಅವನ ಹೆಂಡತಿ ಫ್ಯಾನಿ ಮೇಲುಡುಪಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವಳ ಪಕ್ಕದಲ್ಲಿದ್ದ ಟೋಬಿಯಸ್‌ನ ಹೆಂಡತಿ ಎಲ್ವಾ ಅವಳ ಕೈ ಹಿಡಿದುಕೊಂಡು, ದೇವರಿಗೆ ತಾನು ಮನಸ್ಸಿನಲ್ಲೇ ಹೇಳಿದ ವಂದನೆ ಮುಖದಲ್ಲಿ ಕಾಣದಿರಲಿ ಎಂದು ತಲೆ ತಗ್ಗಿಸಿದಳು.

ಆ ಕೀರ್ತನೆ ಪುಸ್ತಕಗಳ ಹಾಳೆಯ ಅಂಚಿಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಬಲಗಡೆಯ ಪುಸ್ತಕದ ಕೆಂಪಿನ ನಡುವೆ, ದಾರದ ಪಕ್ಕದಲ್ಲಿ, ಉಗುರಿನಷ್ಟು ಬಿಳಿ ಇಣುಕಿದ್ದನ್ನು ಟೋಬಿಯಸ್ ನೋಡಿದ್ದ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ದೇವರು ಕರೆಯದವನಿಗೆ ಪುರುಸೊತ್ತು ಸಿಕ್ಕಿತು. ಮುಂದಿನ ವರ್ಷವೇ ಟೋಬಿಯಸ್ ಶಾಲೆ ಬಿಟ್ಟು ಇಂಡಿಯಾನಾದಲ್ಲಿ ನಮ್ಮವರು ನಡೆಸುವ ಒಂದು ಸಣ್ಣ ಕಾಲೇಜಿಗೆ ಓದಲು ಹೋದ, ಅಲ್ಲಿಂದ ಜೂರಿಕ್‌ಗೆ ಹೋದ. ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ ಎಂದದ್ದಕ್ಕೆ ನಮ್ಮ ಪೂರ್ವಿಕರನ್ನು ಕೈಕಾಲು ಕಟ್ಟಿ ಮುಳುಗಿಸಿದ ನದಿ ಅದೇ ಊರಿನದು. ಆ ನದಿಯ ದಡದಲ್ಲೇ ಬಾಡಿಗೆ ಕೋಣೆ ಹಿಡಿದು, ಬಿಸಿ ಕಾಫಿ ಕುಡಿಯುತ್ತಾ, ಅವರು ಹೇಗೆ ಸತ್ತರು ಎಂಬುದರ ಮೇಲೆ ದೊಡ್ಡ ಪ್ರಬಂಧ ಬರೆದ. ಪದವಿ ಬಂತು. ಅದೇ ಕಾಲೇಜಿನಲ್ಲಿ ದೇವಶಾಸ್ತ್ರದ ಮೇಷ್ಟ್ರಾದ.

ಮೊದಲ ವರ್ಷ ಹುಡುಗರು ತೂಕಡಿಸುತ್ತಿದ್ದರು. ಒಂದು ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ತಗ್ಗುವುದು, ಬಿಟ್ಟುಕೊಡುವುದು ಎಂದು ಏನೇನೋ ಹೇಳುತ್ತಿದ್ದವನಿಗೆ ಒಂದು ಉದಾಹರಣೆ ಬೇಕಾಯಿತು. ನಾಲಿಗೆಯ ತುದಿಗೆ ಬಂದದ್ದು ಆ ಪುಸ್ತಕ. ಚಾಚಿದ ಕೈ, ಹಿಂದಕ್ಕೆ ಬಂದ ಕೈ, “ನೀನೇ ತಗೋ, ಎನೋಸ್”. ಬಿಳಿ ಅಂಚನ್ನು ಬಿಟ್ಟು ಎಲ್ಲ ಹೇಳಿದ. ಹಿಂದಿನ ಸಾಲಿನವರೂ ಎದ್ದು ಕೂತರು. ಕೆಲವರು ಕಣ್ಣೊರೆಸಿಕೊಂಡರು. ಅಂಥದ್ದನ್ನು ಒಮ್ಮೆ ಕಂಡ ಮೇಷ್ಟ್ರು ಆ ಉದಾಹರಣೆಯನ್ನು ಕೈಬಿಡುವುದು ಕಷ್ಟ. ಅದು ಮುಂದಿನ ವರ್ಷ ಪಾಠವಾಯಿತು, ಆಮೇಲೆ ಲೇಖನವಾಯಿತು, ಕೊನೆಗೆ ‘ಬಿಟ್ಟುಕೊಡುವ ಕೈ’ ಎಂಬ ಪುಸ್ತಕದ ಮೊದಲ ಅಧ್ಯಾಯವಾಯಿತು. ಟೋಬಿಯಸ್‌ನ ಹೆಸರು ಹಾಲೆಂಡಿನವರೆಗೂ ಹೋದದ್ದು ಆ ಪುಸ್ತಕದಿಂದಲೇ. ಯುದ್ಧ ಬಂದು, ಕತ್ತಿ ಹಿಡಿಯದ ನಮ್ಮ ಹುಡುಗರನ್ನು ಸರ್ಕಾರ ಸೇನೆಯ ಬದಲು ಗಿಡ ನೆಡಲು ಕಾಡಿನ ಶಿಬಿರಗಳಿಗೆ ಕಳಿಸಿದಾಗ, ಟೋಬಿಯಸ್ ಶಿಬಿರದಿಂದ ಶಿಬಿರಕ್ಕೆ ಹೋಗಿ ಅದನ್ನೇ ಬೋಧಿಸಿದ. ಊಟದ ಸಾಲಿನಲ್ಲಿ ಬೇಯದ ಹುರುಳಿಯ ಪಾತ್ರೆ ಎದುರಾದಾಗ ಹುಡುಗರು “ನೀನೇ ತಗೋ, ಎನೋಸ್” ಎಂದು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಿದ್ದರಂತೆ.

ಬಿಟ್ಟುಕೊಡುವುದರ ಮೇಲೆ ಹೀಗೆ ಬದುಕು ಕಟ್ಟಿಕೊಂಡವನು ಒಂದು ಟೈಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಮ್ಮ ಕಡೆಯ ಗಂಡಸರು ಕಾಲರಿಲ್ಲದ ಸಾದಾ ಕೋಟು ಹಾಕಬೇಕು; ಟೈ ಎಂದರೆ ಕುತ್ತಿಗೆಗೆ ಸುತ್ತಿದ ಜಂಭ. ಟೋಬಿಯಸ್ ಟೈ ಕಟ್ಟುತ್ತಾನೆ ಎಂದು ತಿಳಿದ ಲ್ಯಾಂಕಾಸ್ಟರಿನ ಬಿಷಪ್ಪರು ಅವನಿಗೆ ಬರೆದರು. ಅವನು ಟೈಯನ್ನು ಸಮರ್ಥಿಸಿ, ಅಡಿಟಿಪ್ಪಣಿ ಸಮೇತ, ಒಂದು ಕಿರುಹೊತ್ತಗೆಯನ್ನೇ ಬರೆದ. ಬಿಷಪ್ಪರೂ ಸೋಲಲಿಲ್ಲ, ಒಬ್ಬೊಬ್ಬರಾಗಿ ತೀರಿಕೊಂಡರು. ಟೋಬಿಯಸ್ ಗೆದ್ದ.

ಅಷ್ಟು ವರ್ಷವೂ ಎನೋಸ್ ಬೀವರ್ ರನ್‌ನಲ್ಲಿ ಪ್ರಸಂಗ ಮಾಡುತ್ತಿದ್ದ. ಮೋಶೆಯಿಂದ ಹೊರಟರೂ ಪೌಲನಿಂದ ಹೊರಟರೂ ಅವನ ಪ್ರಸಂಗ ಅರ್ಧ ದಾರಿಯಲ್ಲಿ ಕೋಳಿಗೂಡಿಗೆ ಬಂದು ನಿಲ್ಲುತ್ತಿತ್ತು. ಕಾವು ಕೂತ ಹೇಂಟೆಯ ತಾಳ್ಮೆ, ಮೊಟ್ಟೆ ಕುಡಿಯುವ ಹಾವು, ಮರಿ ಮೊಟ್ಟೆ ಒಡೆದು ಬರುವ ಹೊತ್ತು. ಸಭೆಯವರಿಗೆ ದೇವರ ರಾಜ್ಯದ ಬಗ್ಗೆ ತಿಳಿದದ್ದು ಕಡಿಮೆ, ಆದರೆ ಕೋಳಿಯ ಬಗ್ಗೆ ಯಾರೂ ಅವರಿಗೆ ಮೋಸ ಮಾಡುವ ಹಾಗಿರಲಿಲ್ಲ. ಯಾರ ಮನೆಯಲ್ಲಾದರೂ ಸಾವಾದರೆ ಎನೋಸ್ ಬಂದು ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಅವನು ಮಾತಾಡುವುದಿಲ್ಲವಲ್ಲ ಎಂದು ಜನಕ್ಕೆ ಸಮಾಧಾನವಾಗುತ್ತಿತ್ತು.

ನಿವೃತ್ತನಾದ ಟೋಬಿಯಸ್ ಎಲ್ವಾಳನ್ನು ಕರೆದುಕೊಂಡು ಊರಿಗೆ ವಾಪಸು ಬಂದ. ಫ್ಯಾನಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಭಾನುವಾರ ಟೋಬಿಯಸ್ ಎರಡನೆಯ ಬೆಂಚಿನಲ್ಲಿ ಕೂತು ಚಿಕ್ಕಮ್ಮನ ಮಗನ ಪ್ರಸಂಗ ಕೇಳಿದ. ಹಾಗೇ ಇನ್ನೊಂದು ಭಾನುವಾರ. ಮತ್ತೊಂದು. ಎನೋಸ್ ಮಾತು ಸಿಗದೆ ನಿಂತಾಗೆಲ್ಲ ಟೋಬಿಯಸ್ ಮುಖ ಕಿವುಚಿ ಕೀರ್ತನೆ ಪುಸ್ತಕದ ಹಾಳೆ ಮಗುಚುತ್ತಿದ್ದ. ಆ ನಿಲ್ಲುವಿಕೆಯೆಲ್ಲ ತಾನು ಬಿಟ್ಟುಕೊಟ್ಟದ್ದು.

“ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ?” ಎಂದು ಮನೆಗೆ ಬಂದ ಮೇಲೆ ಎಲ್ವಾ ಕೇಳಿದಳು. “ನಿನ್ನ ಹುಡುಗರು ಅಷ್ಟು ವರ್ಷ ಅನುಭವಿಸಿದ್ದನ್ನ ನೀನು ಈಗ ಸ್ವಲ್ಪ ಅನುಭವಿಸು.”

“ನನ್ನ ಪಾಠದಲ್ಲಿ ಕೋಳಿ ಬರ್ತಿರಲಿಲ್ಲ.”

“ಬಂದಿದ್ರೆ ಯಾರಾದ್ರೂ ಎದ್ದಿರ್ತಿದ್ರು.”

ಆ ವರ್ಷ ವಸಂತದಲ್ಲಿ, ವರ್ಷಕ್ಕೆ ಎರಡೇ ಸಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮುಂಚಿನ ಸಭೆ ಕೂಡಿತು. ರೊಟ್ಟಿ ಮುರಿಯುವ ಮೊದಲು ಪ್ರತಿಯೊಬ್ಬರೂ ಬಿಷಪ್ಪರ ಮುಂದೆ ನಿಂತು, ದೇವರೊಂದಿಗೂ ಮನುಷ್ಯರೊಂದಿಗೂ ಸಮಾಧಾನವಾಗಿದ್ದೇನೆ ಎಂದು ಒಂದು ಮಾತು ಹೇಳಬೇಕು. ಯಾರೊಬ್ಬರು ಹೇಳಲಾಗದಿದ್ದರೂ ಎಲ್ಲರಿಗೂ ರೊಟ್ಟಿ ತಡೆಯುತ್ತದೆ. ಆದ್ದರಿಂದ ಬೇಲಿ ಜಗಳ, ಹಂದಿ ಜಗಳ, ಅತ್ತೆ ಸೊಸೆ ಜಗಳ ಎಲ್ಲವನ್ನೂ ಹಿಂದಿನ ವಾರವೇ ಹೇಗೋ ತೇಪೆ ಹಾಕಿ ಬಂದಿರುತ್ತಾರೆ. ಬೋಧಕ ಮೊದಲು ಹೇಳುವುದು ಪದ್ಧತಿ. ಎನೋಸ್ ಎದ್ದು ನಿಂತ. ನಿಂತೇ ಇದ್ದ. ಮಾತು ಸಿಗುತ್ತಿಲ್ಲ ಎಂದು ಜನ ತಾಳ್ಮೆಯಿಂದ ಕಾದರು.

“ಹೇಳೋಕಾಗಲ್ಲ” ಎಂದ.

ಬಿಷಪ್ ಲ್ಯೂಕ್ ಹೆಸ್ ಇನ್ನೂ ನಡುವಯಸ್ಸು ದಾಟದವನು. ಕಾಲೇಜಿನಲ್ಲಿ ಟೋಬಿಯಸ್‌ನ ಶಿಷ್ಯ, ಪ್ರಾರ್ಥನಾ ಮಂದಿರದಲ್ಲಿ ಆ ಬೆಳಿಗ್ಗೆ ಕಣ್ಣೊರೆಸಿಕೊಂಡವರ ಪೈಕಿ ಒಬ್ಬ. ಅವನು ಗಾಬರಿಯಾದ. “ಯಾರ ಜೊತೆ ಸಮಾಧಾನ ಇಲ್ಲ, ಸೋದರರೇ?”

“ಅದನ್ನ ಹೇಳಿದ್ರೆ ಜಗಳ ಆಗುತ್ತೆ. ಸಮಾಧಾನ ಇದೆ ಅಂದ್ರೆ ಸುಳ್ಳಾಗುತ್ತೆ. ಸುಮ್ನೆ ಕೂತ್ಕೋತೀನಿ, ಬಿಡಿ” ಎಂದು ಎನೋಸ್ ಕೂತುಬಿಟ್ಟ.

ಪ್ರಭುಭೋಜನ ಎರಡು ವಾರ ಮುಂದಕ್ಕೆ ಹೋಯಿತು. ಒಹಾಯೊದಿಂದ ಬರಬೇಕಿದ್ದ ನೆಂಟರಿಗೆ ಬರಬೇಡಿ ಎಂದು ಹೇಳಿಕಳಿಸಿದರು. ಮೆಟ್ಟಿಲ ಮೇಲೆ ನಿಂತ ಹೆಂಗಸರು ತಮ್ಮ ತಮ್ಮಲ್ಲೇ ಲೆಕ್ಕ ಹಾಕಿದರು: ಎನೋಸ್‌ನ ಹೃದಯ ಕೆಟ್ಟಿದೆ, ಚಳಿಗಾಲದಲ್ಲಿ ಎರಡು ಸಲ ಕೋಳಿಮನೆಯಲ್ಲೇ ಬಿದ್ದಿದ್ದ, ಮುಂದಿನ ಪ್ರಭುಭೋಜನ ಬೀಳುವುದು ಸುಗ್ಗಿಯ ನಂತರ. ಈ ಸಲ ತಪ್ಪಿದರೆ ಅವನು ರೊಟ್ಟಿ ಮುಟ್ಟದೆಯೇ ಹೋಗುತ್ತಾನೆ.

ಎನೋಸ್‌ಗೆ ಸಮಾಧಾನವಿಲ್ಲದ್ದು ತನ್ನ ಜೊತೆಯೇ ಎಂಬುದರಲ್ಲಿ ಟೋಬಿಯಸ್‌ಗೆ ಯಾವ ಅನುಮಾನವೂ ಇರಲಿಲ್ಲ. ಮನೆಗೆ ಬಂದವನು ಹ್ಯಾಟು ತೆಗೆಯದೆ ಅಡುಗೆಮನೆಯಲ್ಲಿ ನಿಂತ. ಎಲ್ವಾ ಉಪ್ಪಿನಕಾಯಿಗೆಂದು ಬೀಟ್‌ರೂಟಿನ ರಸಕ್ಕೆ ಬೆಂದ ಮೊಟ್ಟೆ ಇಳಿಬಿಡುತ್ತಿದ್ದಳು.

“ಎಲ್ವಾ, ಆ ಪುಸ್ತಕದಲ್ಲಿ ಚೀಟಿ ಇರೋದು ನನಗೆ ಕಂಡಿತ್ತು. ಅದಕ್ಕೇ ಬಿಟ್ಟೆ.”

“ಗೊತ್ತು” ಎಂದಳು ಅವಳು, ಮೊಟ್ಟೆಯಿಂದ ಕಣ್ಣು ತೆಗೆಯದೆ.

“ಗೊತ್ತಾ? ಹೇಗೆ?”

“ಪೈ ತಟ್ಟೆ ಬಂದ್ರೆ ದೊಡ್ಡ ತುಂಡು ನಿನ್ನ ಕಡೆ ಬರೋ ಹಾಗೆ ತಿರುಗಿಸೋನು ನೀನು. ಅಂಥವನು ಚಾಚಿದ ಕೈ ವಾಪಸ್ ತಗೊಂಡ ಅಂದ್ರೆ ಅಲ್ಲಿ ನಿನಗೆ ಬೇಡದ್ದು ಏನೋ ಇತ್ತು ಅಂತ ತಾನೇ?”

“ಮತ್ತೆ ಆ ಪುಸ್ತಕ ಟೈಪ್ ಮಾಡುವಾಗ ಯಾಕೆ ಬಾಯಿ ಬಿಡಲಿಲ್ಲ?”

“ನೀನು ಟೈಪ್ ಮಾಡು ಅಂದಿದ್ದೆ. ತಿದ್ದು ಅಂದಿರಲಿಲ್ಲ.” ಅವಳು ಕೈ ಒರೆಸಿಕೊಂಡಳು. ಬೆರಳೆಲ್ಲ ಕೆಂಪಾಗಿದ್ದವು. “ನನಗೂ ಬೇಕಾಗಿರಲಿಲ್ಲ ಟೋಬಿ. ಬೋಧಕನ ಹೆಂಡತಿ ಆಗೋದು. ಈಗ ಹೋಗಿ ಹೇಳು.”

ಹೇಳುವುದು ಸುಲಭ ಎಂದುಕೊಂಡಿದ್ದ. ಮೊದಲು ಬಿಷಪ್ಪನ ಮನೆಗೆ ಹೋದ. ಲ್ಯೂಕ್ ಹೆಸ್ ತನ್ನ ಗುರುವನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಕೇಳಿ, ತಲೆ ತಗ್ಗಿಸಿದ.

“ಪ್ರೊಫೆಸರ್, ಈ ವಯಸ್ಸಿನಲ್ಲೂ ತಮ್ಮನ್ನ ಇಷ್ಟು ತಗ್ಗಿಸಿಕೊಳ್ತೀರಲ್ಲ.”

“ತಗ್ಗಿಸಿಕೊಳ್ತಾ ಇಲ್ಲ ಲ್ಯೂಕ್, ಇದ್ದದ್ದು ಹೇಳ್ತಾ ಇದೀನಿ. ನಾನು ಹೆದರಿ ಹಿಂದೆ ಸರಿದೆ.”

“ಎನೋಸ್ ಅವರ ಭಾರ ಇಳಿಸೋಕೆ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ಆರನೇ ಅಧ್ಯಾಯದಲ್ಲಿ ಇದನ್ನೇ ಬರೆದಿದ್ದೀರಿ, ಮರೆತಿರಾ?”

ಆರನೆಯ ಅಧ್ಯಾಯದಲ್ಲಿ ಅದನ್ನೇ ಬರೆದಿದ್ದ. ಟೋಬಿಯಸ್ ಹ್ಯಾಟು ಎತ್ತಿಕೊಂಡು ಮನೆಗೆ ಹೊರಟ.

ಬುಧವಾರದ ಪ್ರಾರ್ಥನಾಕೂಟದಲ್ಲಿ ಎಲ್ಲರ ಮುಂದೆ ಎದ್ದು ನಿಂತ. ಎನೋಸ್ ಮೈ ಸರಿಯಿಲ್ಲದೆ ಬಂದಿರಲಿಲ್ಲ. ಈ ಸಲ ಅಲಂಕಾರವೇ ಬೇಡ, ಒಣ ಮಾತಿನಲ್ಲಿ ಹೇಳಿ ಮುಗಿಸಬೇಕು ಎಂದುಕೊಂಡಿದ್ದ. ಆದರೆ ಆ ಒಣ ಮಾತಿಗೂ ಅವನ ಗಂಟಲಿನಲ್ಲಿ ಒಂದು ಏರಿಳಿತ ಬಂತು, ನಿಲ್ಲಿಸಬೇಕಾದಲ್ಲಿ ನಿಲ್ಲಿಸುವುದು ಅಭ್ಯಾಸವಾಗಿಬಿಟ್ಟಿತ್ತು. “ನಾನು ಹೇಡಿ” ಎಂದು ಮುಗಿಸಿದಾಗ ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರೇ ಇರಲಿಲ್ಲ. ಹಿರಿಯ ಹೆಂಗಸೊಬ್ಬಳು ಬಾಗಿಲಲ್ಲಿ ಅವನ ಎರಡೂ ಕೈ ಹಿಡಿದುಕೊಂಡು, “ಅಯ್ಯೋ ಟೋಬಿ, ನಮಗೆಲ್ಲ ದಾರಿ ತೋರಿಸಿದೆ ಕಣಪ್ಪಾ” ಎಂದಳು. ಸಭೆಯ ಪತ್ರಿಕೆಯವನು ಅದನ್ನು ಹಾಗೇ ಬರೆದುಕೊಡಿ, ಮುಂದಿನ ಸಂಚಿಕೆಗೆ ಹಾಕುತ್ತೇನೆ ಎಂದ. ಮರುದಿನ ಮೂರು ಮನೆಗಳಿಂದ ಕಾಕಂಬಿ ತುಂಬಿ ಬೇಯಿಸಿದ ಸಿಹಿ ಪೈ ಬಂತು.

“ಇನ್ನೊಂದು ಪಾಪ ಒಪ್ಕೋ” ಎಂದಳು ಎಲ್ವಾ, ಪೈಗಳಿಗೆ ಜಾಗ ಮಾಡುತ್ತಾ. “ಈ ತಿಂಗಳು ಹಿಟ್ಟು ತರೋದೇ ಬೇಡ.”

“ಯಾರೂ ನಂಬಲ್ಲ ಎಲ್ವಾ.”

“ನಂಬಲ್ಲ. ತಗ್ಗಬೇಕು ತಗ್ಗಬೇಕು ಅಂತ ಹೇಳಿಕೊಟ್ಟೋನು ನೀನೇ. ಈಗ ನೀನು ಚರಂಡೀಲಿ ಬಿದ್ರೂ ತಗ್ಗಿದಾನೆ ಅಂತಾರೆ. ಎನೋಸ್ ಹತ್ರ ಹೋಗು. ಅವನು ನಿನ್ನ ಪಾಠಕ್ಕೆ ಕೂತಿಲ್ಲ.”

ಅಲ್ಲಿಗೆ ಹೋಗಲು ಅವನಿಗೆ ನಿಜವಾಗಿ ಹೆದರಿಕೆಯಿತ್ತು. ಜನರೆದುರು ತಪ್ಪು ಒಪ್ಪಿಕೊಂಡರೆ ಸಭೆ ಸಿಗುತ್ತದೆ. ಎನೋಸ್ ಎದುರು ಒಪ್ಪಿಕೊಂಡರೆ ಎನೋಸ್ ಮಾತ್ರ. ಮರುದಿನ ಬೆಳಿಗ್ಗೆ ಹಿಂದಿನ ಹೊಲದ ದಾರಿ ಹಿಡಿದು ಕೋಳಿಮನೆಗೆ ಹೋದ. ಎನೋಸ್ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ಮೊಟ್ಟೆಗಳನ್ನು ಒರೆಸುತ್ತಿದ್ದ. ಉಸಿರು ಸ್ವಲ್ಪ ಶಬ್ದ ಮಾಡುತ್ತಿತ್ತು.

“ಬುಧವಾರ ಭಾರಿ ಚೆನ್ನಾಗಿತ್ತಂತೆ. ಎಲ್ಲಾ ಅತ್ರಂತೆ” ಎಂದ ತಲೆಯೆತ್ತದೆ.

“ನಾನು ನಿಜ ಹೇಳ್ದೆ, ಎನೋಸ್.”

“ನಿಜಾನೂ ಚೆನ್ನಾಗೇ ಹೇಳ್ತೀಯ. ಅದೇ ನಿನ್ನ ತೊಂದರೆ. ಆ ಬುಟ್ಟಿ ಈ ಕಡೆ ತಳ್ಳು.”

ಟೋಬಿಯಸ್ ಬುಟ್ಟಿ ತಳ್ಳಿದ. ಕೂರಲು ಇನ್ನೊಂದು ಬಕೆಟ್ಟು ಇರಲಿಲ್ಲ. ನಿಂತುಕೊಂಡೇ ಹೇಳಿದ: “ಚೀಟಿ ನನಗೆ ಕಂಡಿತ್ತು. ನಿನ್ನ ತಲೆಗೆ ಕಟ್ಟಿದೆ. ಆಮೇಲೆ ಅದನ್ನೇ ದೊಡ್ಡ ಗುಣ ಅಂತ ಬರೆದೆ. ನಿನ್ನ ಸಮಾಧಾನ ಕೆಟ್ಟಿದ್ದು ನನ್ನಿಂದ. ಕ್ಷಮಿಸ್ತೀಯಾ?”

ಎನೋಸ್ ಮೊಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

“ಈ ಊರಲ್ಲಿ ಏನೇ ಆದ್ರೂ ನಿನ್ನಿಂದ್ಲೇ ಆಗ್ಬೇಕಾ?”

“ಅಂದ್ರೆ?”

“ನಿನ್ನ ಜೊತೆ ನನಗೆ ಜಗಳ ಇದೆ ಅಂತ ಯಾರು ಹೇಳಿದ್ರು? ನನಗೆ ಜಗಳ ನನ್ನ ಜೊತೆ.” ಸ್ವಲ್ಪ ಹೊತ್ತು ಉಸಿರೆಳೆದುಕೊಂಡ. “ಆ ಬಿಳಿ ಅಂಚು ನನಗೂ ಕಂಡಿತ್ತು ಕಣೋ.”

ಟೋಬಿಯಸ್ ಹಿಂದಕ್ಕೆ ಸರಿದು ಗೋಡೆಗೆ ಒರಗಿದ.

“ನೀನು ಬಿಟ್ಟೆ. ನಾನು ಹಿಡ್ಕೊಂಡೆ. ನನಗೆ ಬೇಕಾಗಿತ್ತು, ಟೋಬಿ. ಹುಡುಗನಾಗಿದ್ದಾಗ ಈ ಕೋಳಿಗಳ ಮುಂದೆ ನಿಂತು ಪ್ರಸಂಗ ಮಾಡ್ತಿದ್ದೆ. ಅವುಗಳ ಮುಂದೆ ತಡವರಿಸ್ತಾನೇ ಇರಲಿಲ್ಲ. ಆಸೆಪಡಬಾರದು ಅಂತಾರೆ, ಆಸೆಪಟ್ಟೆ. ನಿನಗೆ ಬಂದ ಕರೆ ಅದು, ಬಾಗಿಲು ತೆಗೆದವನು ನಾನು. ಅಷ್ಟು ವರ್ಷ ಆ ಜನ ನನ್ನ ಪ್ರಸಂಗಕ್ಕೆ ನಿದ್ದೆ ಮಾಡಿದ್ರಲ್ಲ, ಎಲ್ಲಾ ನನ್ನ ಆಸೆಯಿಂದ. ಈ ವರ್ಷ ಬಿಷಪ್ ಎದುರು ನಿಂತಾಗ ಬಾಯಿಗೆ ಬರಲೇ ಇಲ್ಲ.”

“ಇಲ್ಲ ಎನೋಸ್” ಎಂದ ಟೋಬಿಯಸ್. ದನಿಯಲ್ಲಿ ಮೇಷ್ಟ್ರು ಬಂದುಬಿಟ್ಟಿದ್ದ. “ನೋಡು, ಆಸೆ ಬೇರೆ, ಓಡಿಹೋಗೋದು ಬೇರೆ. ನೀನು ಆಸೆಪಟ್ರೂ ಕೆಲಸ ಮಾಡಿದೆ. ನಾನು ತಪ್ಪಿಸಿಕೊಂಡೆ, ಅದರ ಮೇಲೆ ಸುಳ್ಳು ಬರೆದೆ. ತೂಗಿ ನೋಡಿದ್ರೆ ನನ್ನ ತಪ್ಪೇ ದೊಡ್ಡದು.”

“ನಂದು ದೊಡ್ಡದು.”

“ಹೇಗೆ ಆಗುತ್ತೆ? ಮೊದಲು ಕೈ ಚಾಚಿದವನು ನಾನು. ಮೂಲ ತಪ್ಪು...”

“ಇದನ್ನೂ ನೀನೇ ತಗೋತೀಯಾ?” ಎನೋಸ್ ಎದ್ದೇಬಿಟ್ಟ. ಆ ಬಾಯಿಂದ ಅಷ್ಟು ದೊಡ್ಡ ದನಿ ಬೀವರ್ ರನ್ ಸಭೆ ಎಂದೂ ಕೇಳಿರಲಿಲ್ಲ. ಅದರಲ್ಲಿ ತಡವರಿಕೆಯೇ ಇರಲಿಲ್ಲ. ಕೋಳಿಗಳು ರೆಕ್ಕೆ ಬಡಿಯುತ್ತಾ ಗೋಡೆಗೆ ಹಾರಿದವು. “ಚೀಟಿ ಬಿಟ್ಟುಕೊಟ್ಟು ಹೆಸರು ತಗೊಂಡೆ. ಬಿಟ್ಟುಕೊಟ್ಟಿದ್ದು ಸುಳ್ಳು ಅಂತ ಹೇಳಿ ಇನ್ನೂ ದೊಡ್ಡ ಹೆಸರು ತಗೊಂಡೆ. ಈಗ ಪಾಪಾನೂ ನಿಂದೇ ದೊಡ್ಡದಾಗ್ಬೇಕಾ? ನನಗೊಂದಾದ್ರೂ ಬಿಡೋ, ದರಿದ್ರದೋನೇ!”

ಟೋಬಿಯಸ್ ಬಾಯಿ ತೆರೆದ. ಹೇಳುವುದಕ್ಕೆ ಬೇಕಾದಷ್ಟಿತ್ತು, ಜೂರಿಕ್‌ನಲ್ಲಿ ಓದಿದ್ದೂ ಇತ್ತು. ಎದುರಿಗೆ ನಿಂತವನ ತುಟಿ ನೀಲಿಯಾಗುತ್ತಿತ್ತು.

“ಸರಿ” ಎಂದ ಕೊನೆಗೆ. “ನಿಂದೇ ದೊಡ್ಡದು.”

“ನಿಜವಾಗ್ಲೂ?”

“ನಿಜವಾಗ್ಲೂ. ನಂದು ಏನಿಲ್ಲ, ಸಣ್ಣದು.”

ಎನೋಸ್ ಬಕೆಟ್ಟಿನ ಮೇಲೆ ಕೂತು ನಗಲು ಶುರುಮಾಡಿದ. ಕೆಮ್ಮು ಬರುವವರೆಗೂ ನಕ್ಕ. ಟೋಬಿಯಸ್ ಅವನ ಬೆನ್ನು ನೀವಿದ. ಆಮೇಲೆ ಇಬ್ಬರೂ ಉಳಿದ ಮೊಟ್ಟೆ ಒರೆಸಿದರು. ಟೋಬಿಯಸ್ ಒಂದನ್ನು ಒಡೆದ.

ಮುಂದಿನ ಸಭೆಯಲ್ಲಿ ಎನೋಸ್ ಎದ್ದು, ಸಮಾಧಾನವಾಗಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಟೋಬಿಯಸ್‌ನ ಬುಧವಾರದ ತಪ್ಪೊಪ್ಪಿಗೆಯೇ ಇದನ್ನು ಮಾಡಿಸಿತು ಎಂದು ಎಲ್ಲರೂ ಒಪ್ಪಿದರು.

ಪ್ರಭುಭೋಜನದ ಬೆಳಿಗ್ಗೆ, ತಲೆಗೆ ಬಿಳಿ ಮುಸುಕಿನ ಟೋಪಿ ಕಟ್ಟಿಕೊಳ್ಳುತ್ತಾ ಎಲ್ವಾ ಕೇಳಿದಳು: “ಎನೋಸ್‌ಗೂ ಕಂಡಿತ್ತು ಅಂದ್ನಾ? ದಾರದ ಪಕ್ಕದ ಆ ಚೂರು ಬಿಳಿ?”

“ಹೂಂ. ಅವನೇ ಹೇಳಿದ.”

“ವಿಚಿತ್ರ. ಅವತ್ತು ಅವನಿಗೆ ಕನ್ನಡಕವೇ ಇರಲಿಲ್ಲ. ಹಿಂದಿನ ವಾರ ಯಾವುದೋ ಹುಂಜ ಹಾರಿ ಒಡೆದುಹಾಕಿತ್ತು. ಚೀಟಿ ಬಂದಾಗ ಫ್ಯಾನಿ ಅತ್ತದ್ದೇ ಅದಕ್ಕೆ. ಇನ್ನು ವೇದ ಹೇಗೆ ಓದ್ತಾನೆ, ಮೂಗು ಹಾಳೆಗೆ ತಾಗಿಸಿದ್ರೂ ಅಕ್ಷರ ಕಾಣಲ್ಲ ಅಂತ ನನ್ನ ಕಿವೀಲಿ ಹೇಳಿದ್ಲು.” ಗಂಡನ ಮುಖ ನೋಡಿ ಕೈ ನಿಲ್ಲಿಸಿದಳು. “ಅಥವಾ ಹುಂಜ ಒಡೆದದ್ದು ಅದರ ಹಿಂದಿನ ವರ್ಷವೋ ಏನೋ. ನನಗೂ ವಯಸ್ಸಾಯ್ತು.”

ದಾರಿಯುದ್ದಕ್ಕೂ ಟೋಬಿಯಸ್ ಅದನ್ನೇ ತೂಗಿ ನೋಡಿದ. ಕಂಡಿದ್ದರೆ ಎನೋಸ್ ಆಸೆಬುರುಕ. ಕಾಣದೆಯೇ ಕಂಡೆ ಎಂದಿದ್ದರೆ ಕೋಳಿಮನೆಯಲ್ಲಿ ಆಡಿದ್ದು ಸುಳ್ಳು; ಸುಳ್ಳಾಡಿದವನು ಸಮಾಧಾನ ಇದೆ ಎಂದು ಹೇಳಿ ರೊಟ್ಟಿ ಮುಟ್ಟಲಾರ. ಆ ಸುಳ್ಳನ್ನು ಯಾರ ಭಾರ ಇಳಿಸಲು ಹೇಳಿದ ಎಂದು ಯೋಚಿಸಲು ಹೋದಾಗೆಲ್ಲ ಟೋಬಿಯಸ್ ದಾರಿಯ ನಡುವೆ ನಿಂತುಬಿಡುತ್ತಿದ್ದ, ಎಲ್ವಾ ತೋಳು ಹಿಡಿದು ಎಳೆಯಬೇಕಾಗುತ್ತಿತ್ತು.

ರೊಟ್ಟಿ ಮುರಿದಾಯಿತು, ಬಟ್ಟಲು ಸುತ್ತಿಬಂತು. ಆಮೇಲೆ ಪಾದ ತೊಳೆಯುವ ಸರದಿ. ಗಂಡಸರ ಕಡೆ ಮರದ ತೊಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ಇಬ್ಬಿಬ್ಬರಾಗಿ ಹೋಗಿ ಒಬ್ಬರ ಪಾದ ಒಬ್ಬರು ತೊಳೆದು, ಅಪ್ಪಿಕೊಂಡು, ಮುದ್ದು ಕೊಟ್ಟು ಏಳಬೇಕು. ಟೋಬಿಯಸ್‌ನ ಪಾಲಿಗೆ ಎನೋಸ್ ಬಂದ. ಎನೋಸ್ ಟವೆಲು ಸೊಂಟಕ್ಕೆ ಸುತ್ತಿಕೊಂಡು ಮಂಡಿಯೂರಿದ. ಅದೇ ಹೊತ್ತಿಗೆ ಟೋಬಿಯಸ್ ಕೂಡ ಮಂಡಿಯೂರಿದ. ಇಬ್ಬರು ಮುದುಕರು ತೊಟ್ಟಿಯ ಎರಡು ಬದಿಯಲ್ಲಿ ಮುಖಾಮುಖಿ ನೆಲದ ಮೇಲೆ. ಬೆಂಚಿನ ಮೇಲೆ ಪಾದವೇ ಇಲ್ಲ.

“ನೀನು ಕೂತ್ಕೋ.”

“ನೀನು ಕೂತ್ಕೋ. ನಿನಗೆ ಹೃದಯದ ಕಾಯಿಲೆ.”

“ನಿನಗೆ ಮಂಡಿನೋವು.”

“ಸೋದರರೇ” ಎಂದು ಬಿಷಪ್ ಹೆಸ್ ಬಗ್ಗಿ ಪಿಸುಗುಟ್ಟಿದ, “ಯಾರಾದ್ರೂ ಒಬ್ರು ಬೆಂಚಿನ ಮೇಲೆ ಕೂತ್ಕೊಳ್ಳಿ. ಹಿಂದೆ ಸಾಲು ನಿಂತಿದೆ.”

ಬೆಂಚು ಹಿಡಿದುಕೊಂಡು ಎದ್ದು ಟೋಬಿಯಸ್ ಕೂತ. ಕಾಲುಚೀಲ ತೆಗೆದು ಪಾದವನ್ನು ತೊಟ್ಟಿಯಲ್ಲಿಟ್ಟ. ಎನೋಸ್ ಎರಡು ಕೈಯಲ್ಲಿ ನೀರು ಮೊಗೆದು ಸುರಿದು, ಮೊಟ್ಟೆ ಒರೆಸುವಂತೆಯೇ, ಒಂದೊಂದು ಬೆರಳ ಸಂದಿಯನ್ನೂ ಒರೆಸಿದ. ಅವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಟೋಬಿಯಸ್ ಅದನ್ನೇ ನೋಡುತ್ತಿದ್ದ. ಒಂದೇ ಪ್ರಶ್ನೆ, ನಾಲ್ಕು ಮಾತು. ಜೀವನವಿಡೀ ಅದಕ್ಕಿಂತ ಸಣ್ಣ ವಿಷಯಗಳನ್ನು ಬಿಡದೆ ಕೇಳಿ ಕೇಳಿ ಪುಸ್ತಕ ಮಾಡಿದವನು ಅವನು.

“ಎನೋಸ್.”

“ಏನೋ?”

ಎನೋಸ್ ತಲೆಯೆತ್ತಿ ನೋಡಿದ. ಮುಖದಲ್ಲಿ ಬೆವರು, ಅದರ ಅಡಿಯಲ್ಲಿ, ಮೇಲಿನಿಂದ ನೋಡಿದವರಿಗೆ ಕಂಡಷ್ಟು, ಸಮಾಧಾನ.

“ನೀರು ತಣ್ಣಗಿದೆ” ಎಂದ ಟೋಬಿಯಸ್.

“ತಣ್ಣಗೇ ಇರುತ್ತೆ” ಎಂದು ಎನೋಸ್ ಇನ್ನೊಂದು ಪಾದ ಎತ್ತಿಕೊಂಡ.

ಹೊಗೆಸೊಪ್ಪು ಮೊಣಕಾಲೆತ್ತರ ಬರುವ ಮೊದಲೇ ಎನೋಸ್ ಗ್ರಾಫ್ ತೀರಿಕೊಂಡ, ಕೋಳಿಮನೆಯಲ್ಲೇ. ಮಣ್ಣಿನ ದಿನ ಟೋಬಿಯಸ್‌ನನ್ನು ಮಾತಾಡಿ ಎಂದು ಕೇಳಿಕೊಂಡರು. ಅವನು ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಪ್ರಕಾಶಕರಿಗೆ ‘ಬಿಟ್ಟುಕೊಡುವ ಕೈ’ಯ ಮೊದಲ ಅಧ್ಯಾಯ ತೆಗೆದುಹಾಕಿ ಎಂದು ಹೇಳಿಕಳಿಸಿದ. ಇದನ್ನು ತೆಗೆದುಹಾಕಿ ಎನ್ನುವಷ್ಟು ಲೇಖಕರು ನಮ್ರರು ಎಂದು ಒಂದು ಸಾಲು ಸೇರಿಸಿ ಅವರು ಅದನ್ನು ಹಾಗೆಯೇ ಅಚ್ಚುಹಾಕಿದರು. ಈಗಲೂ ಹಾಗೆಯೇ ಬರುತ್ತಿದೆ.

ಎನೋಸ್‌ಗೆ ಆ ಭಾನುವಾರ ಬಿಳಿ ಅಂಚು ಕಂಡಿತ್ತೋ ಇಲ್ಲವೋ ಗೊತ್ತಿಲ್ಲ. ಹುಂಜ ಕನ್ನಡಕ ಒಡೆದದ್ದು ಯಾವ ವರ್ಷ ಎಂದು ಕೇಳಲು ಫ್ಯಾನಿ ಇಲ್ಲ. ಎಲ್ವಾಳನ್ನು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು. ಟೋಬಿಯಸ್ ಕೊನೆಯವರೆಗೂ ಯಾರನ್ನೂ ಕೇಳಲಿಲ್ಲ. ಇದಕ್ಕಿಂತ ಹೆಚ್ಚು ಇಲ್ಲಿ ಯಾರಿಗೂ ತಿಳಿದಿಲ್ಲ.